ನೈಟ್ ಡ್ಯೂಟಿ, ಬಾಡಿಗೆ ಕೋಣೆ, ಅಪ್ಪನ ಬಳಿಯ ಎಟಿಎಂ ಕಾರ್ಡು

ಪ್ರಶ್ನೆ: ನನಗೆ 23 ವರ್ಷ. ಬಿ.ಎಸ್ಸಿ ನರ್ಸಿಂಗ್ ಮುಗಿಸಿ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಮೆಡಿಸಿನ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಊರು ಶಿಗ್ಗಾಂವಿ ಹತ್ತಿರದ ಹಳ್ಳಿ. ಎರಡು ವಾರಕ್ಕೊಮ್ಮೆ ಏಳು ನೈಟ್ ಒಂದೇ ಸಮ ಬರುತ್ತವೆ, ರಾತ್ರಿ 8ರಿಂದ ಬೆಳಿಗ್ಗೆ 8. ಉಣಕಲ್ಲಿನಲ್ಲಿ ಮೂವರು ಸೇರಿ 9,000 ರೂಪಾಯಿಗೆ ಒಂದು ಕೋಣೆ ಮಾಡಿದ್ದೇವೆ. ಉಳಿದಿಬ್ಬರಿಗೆ ಹಗಲು ಕೆಲಸ. ನನಗೆ ಹಗಲಲ್ಲಿ ನಾಲ್ಕು ತಾಸು ನಿದ್ದೆಯಾದರೆ ಹೆಚ್ಚು. ಹೊಟ್ಟೆ ಉರಿ, ತಲೆಭಾರ. ಬೆಳಗಿನ ಜಾವ ಒಮ್ಮೆ ಇನ್ಸುಲಿನ್ ಎಳೆಯುವಾಗ ಸಿರಿಂಜೇ ತಪ್ಪಿತ್ತು, ಕೊಡುವ ಮೊದಲು ಕಂಡಿತು. ಸಂಬಳ 18,000. ಎಟಿಎಂ ಕಾರ್ಡು ಅಪ್ಪನ ಬಳಿ ಇದೆ, ತಿಂಗಳಿಗೆ ಸುಮಾರು 7,000 ಮನೆಗೆ ಹೋಗುತ್ತದೆ. 'ಬಸ್ಸು ಹೆಂಗೂ ಫ್ರೀ, ಊರಿಂದನ ಹೋಗಿ ಬಾ, ಇಲ್ಲಾಂದ್ರ ಕೆಲಸ ಬಿಡು' ಅನ್ನುತ್ತಾರೆ. ನನಗೆ ಬಿಡಲು ಮನಸ್ಸಿಲ್ಲ. ರಾತ್ರಿ 24 ಮಂಚದ ವಾರ್ಡು ನೋಡಿಕೊಳ್ಳುವಾಗ ನನ್ನ ಮೇಲೆ ನನಗೆ ನಂಬಿಕೆ ಬಂದಿದೆ. ಕೋಣೆಗೆ ಬಂದರೆ ಮತ್ತೆ ಎಲ್ಲರ ಮಾತು ಕೇಳುವ ಹುಡುಗಿ ಆಗುತ್ತೇನೆ. ನಿದ್ದೆ ಮಾತ್ರೆ ತೆಗೆದುಕೊಳ್ಳಬಹುದೇ? ಮನೆಯವರಿಗೆ ಹೇಗೆ ಹೇಳಲಿ?

ಉತ್ತರ: ನಿದ್ದೆಯ ಪ್ರಶ್ನೆ, ಮನೆಯ ಪ್ರಶ್ನೆ ಎಂದು ನೀವು ಬೇರೆ ಬೇರೆ ಕೇಳಿದ್ದೀರಿ. ಎರಡೂ ಒಂದೇ ಗಂಟು. ಹಗಲು 9ರಿಂದ ಸಂಜೆ 4ರವರೆಗಿನ ಏಳು ತಾಸು ಯಾರದು ಎಂಬುದು ತೀರ್ಮಾನವಾಗದೆ ಇರುವುದರಿಂದ ನಿದ್ದೆಯೂ ಕೆಟ್ಟಿದೆ, ಮನೆಯವರ ಜತೆಗಿನ ಮಾತೂ ಕೆಟ್ಟಿದೆ. ರೂಮಿನವರು 'ಹಗಲೆಲ್ಲಾ ಇಲ್ಲೇ ಇರ್ತೀಯಲ್ಲ, ನೀರು ಬಂದ್ರ ತುಂಬಿಡು' ಅನ್ನುತ್ತಾರೆ, ಅವ್ವ 11 ಗಂಟೆಗೆ ಫೋನ್ ಮಾಡುತ್ತಾರೆ, ನೈಟ್ ಆಫ್ ಇದ್ದ ದಿನ ಊರಿಗೆ ಹೋದರೆ ಬೀಗರ ಮುಂದೆ ಚಹಾ ತಟ್ಟೆ ಹಿಡಿದು ನಿಲ್ಲಬೇಕಾಗುತ್ತದೆ. ನೈಟ್ ಮಾಡುವ ಹೆಣ್ಣುಮಕ್ಕಳ ಹಗಲು ಖಾಲಿ ಇದೆ ಅಂತಲೇ ಎಲ್ಲರ ಎಣಿಕೆ. ಆದ್ದರಿಂದ ಮೊದಲು ನಿದ್ದೆ, ಆಮೇಲೆ ದುಡ್ಡು, ಕೊನೆಗೆ ಅಪ್ಪ. ಈ ಕ್ರಮ ತಪ್ಪಿಸಬೇಡಿ. ನಾಲ್ಕು ತಾಸು ಮಲಗಿ ಎದ್ದವರು ಅಪ್ಪನ ಜತೆ ವಾದಕ್ಕಿಳಿದರೆ ಅಳುವಿನಲ್ಲೇ ಮುಗಿಯುತ್ತದೆ.

ಹಗಲು ನಿದ್ದೆ ಏಕೆ ಬರುವುದಿಲ್ಲ ಎಂಬುದನ್ನು ತಿಳಿದರೆ ಅರ್ಧ ಕೆಲಸ ಆದಂತೆ. ಮಿದುಳಿನ ತಳದಲ್ಲಿ, ಕಣ್ಣಿನ ನರಗಳು ಕೂಡುವ ಜಾಗದ ಮೇಲೆ, ದೇಹದ ಗಡಿಯಾರ ಇದೆ. ಅದು ಬೆಳಕು ನೋಡಿ ಸಮಯ ಹೊಂದಿಸಿಕೊಳ್ಳುತ್ತದೆ. ಕತ್ತಲಾದಾಗ ನಿದ್ದೆಯ ಹೊತ್ತು ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಏರುತ್ತದೆ, ದೇಹದ ಉಷ್ಣತೆ ಇಳಿಯುತ್ತಾ ಹೋಗಿ ಬೆಳಗಿನ ಜಾವ 3ರಿಂದ 5ರ ನಡುವೆ ಅತಿ ಕೆಳಗೆ ಬರುತ್ತದೆ. ನಿಮಗೆ ಚಳಿಯಾಗುವುದು, ಕೈ ತಡವರಿಸುವುದು, ಒಂದೇ ಸಾಲನ್ನು ಮೂರು ಸಲ ಓದುವುದು ಆ ಹೊತ್ತಿಗೇ. 8 ಗಂಟೆಗೆ ಹೊರಗೆ ಬಂದು ಬಿಸಿಲಿಗೆ ಮುಖ ಕೊಟ್ಟರೆ ಗಡಿಯಾರ 'ಬೆಳಗಾಯಿತು' ಎಂದು ಒತ್ತಿ ಹೇಳುತ್ತದೆ. ಉಷ್ಣತೆ ಮೇಲೇರುತ್ತಿರುವಾಗ ಮಲಗಿದ ದೇಹ ದಣಿವಿನ ಬಲದಿಂದ ಎರಡು ಮೂರು ತಾಸು ನಿದ್ದೆ ಮಾಡಿ ಎದ್ದುಬಿಡುತ್ತದೆ. ಎಷ್ಟು ವರ್ಷ ನೈಟ್ ಮಾಡಿದರೂ ಬಹುತೇಕರ ಗಡಿಯಾರ ಪೂರ್ತಿ ತಿರುಗುವುದಿಲ್ಲ. ಆಫ್ ದಿನ ಬಂದ ಕೂಡಲೇ ಎಲ್ಲರಂತೆ ಹಗಲಿಗೆ ಮರಳುತ್ತೇವಲ್ಲ, ಅದೇ ಕಾರಣ. 'ನಾಲ್ಕು ತಿಂಗಳು ಆದ್ರ ರೂಢಿ ಆಗ್ತೈತಿ' ಎಂದು ಸೀನಿಯರ್ ಅಕ್ಕಂದಿರು ಹೇಳುವುದು ಸಮಾಧಾನಕ್ಕೆ. ರೂಢಿಯಾಗುವುದು ಮನಸ್ಸಿಗೆ, ಗಡಿಯಾರಕ್ಕಲ್ಲ.

ಹಾಗಾಗಿ ಗಡಿಯಾರಕ್ಕೆ ಸ್ವಲ್ಪ ಮೋಸ ಮಾಡಬೇಕು. ವಾರ್ಡಿನಲ್ಲಿ ರಾತ್ರಿ 8ರಿಂದ 2ರವರೆಗೆ ನರ್ಸಿಂಗ್ ಸ್ಟೇಷನ್ನಿನ ದೀಪ ಪೂರ್ತಿ ಉರಿಯಲಿ. 4ರ ನಂತರ ಕೆಲಸಕ್ಕೆ ಬೇಕಾದಷ್ಟೇ ಬೆಳಕು. ಆಸ್ಪತ್ರೆಯಿಂದ ಹೊರಡುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ. ಕಾಲೇಜು ಹುಡುಗರು ನಕ್ಕರೆ ನಗಲಿ. ಆದರೆ ಸ್ಕೂಟಿ ಓಡಿಸುವವರಾದರೆ ಗಾಢ ಕನ್ನಡಕ ತೂಕಡಿಕೆ ಹೆಚ್ಚಿಸುತ್ತದೆ, ಬೇಡ. ಅಸಲಿಗೆ ಸ್ಕೂಟಿಯೇ ಬೇಡ. 17 ತಾಸು ಎಚ್ಚರವಿದ್ದವರ ಕೈಕಣ್ಣಿನ ಚುರುಕು 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇದ್ದವರಷ್ಟಕ್ಕೆ ಇಳಿಯುತ್ತದೆ ಎಂದು ಪರೀಕ್ಷೆಗಳು ತೋರಿಸಿವೆ. ನಮ್ಮ ಕಾನೂನು ಚಾಲಕರಿಗೆ ಬಿಟ್ಟಿರುವ ಮಿತಿ 30. ಮಧ್ಯಾಹ್ನ 1ಕ್ಕೆ ಎದ್ದು ಮರುದಿನ 8.30ಕ್ಕೆ ಗಾಡಿ ಹತ್ತಿದರೆ ಆಗಲೇ ಹತ್ತೊಂಬತ್ತೂವರೆ ತಾಸು ಆಗಿರುತ್ತದೆ. ನಿಮ್ಮ ಕೋಣೆ ಉಣಕಲ್ಲಿನಲ್ಲಿದೆ, ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನ ದಾರಿಯಲ್ಲೇ. ಅದರಲ್ಲಿ ಕುಳಿತು ಬನ್ನಿ. ಕಣ್ಣು ಮುಚ್ಚಿದರೂ ಹೆಚ್ಚೆಂದರೆ ನವನಗರದಲ್ಲಿ ಇಳಿಯುತ್ತೀರಿ.

ಇನ್ನು ಕೋಣೆ. ನಿಮ್ಮ ಕೈಯಿಂದ ಮೊದಲು ಖರ್ಚಾಗಬೇಕಾದ ದುಡ್ಡು ಇಲ್ಲಿಗೆ. ಕಿಟಕಿಗೆ ಒಂದೇ ಪದರದ ಹೂವಿನ ಪರದೆ ಇದ್ದರೆ ಅದರ ಹಿಂದೆ ಕಪ್ಪು ದಪ್ಪ ಬಟ್ಟೆಯ ಇನ್ನೊಂದು ಪದರ ಹೊಲಿಸಿ. ಚೌಕಟ್ಟಿಗಿಂತ ಎರಡೂ ಬದಿ ಅರ್ಧ ಅಡಿ ಹೆಚ್ಚಿರಲಿ, ಬೆಳಕು ನುಸುಳುವುದು ಅಂಚಿನಿಂದ. ಮಧ್ಯಾಹ್ನ ಕೋಣೆಯಲ್ಲಿ ನಿಂತು ಅಂಗೈ ಚಾಚಿ ನೋಡಿ. ರೇಖೆ ಕಾಣುತ್ತಿದ್ದರೆ ಇನ್ನೂ ಕತ್ತಲು ಸಾಲದು. ಕಣ್ಣುಪಟ್ಟಿ ಅಗ್ಗ, ಆದರೆ ಬೇಸಿಗೆಯಲ್ಲಿ ಬೆವರಿಗೆ ಜಾರುತ್ತದೆ. ಸದ್ದಿಗೆ ಮೆತ್ತನೆಯ ಫೋಮ್ ಇಯರ್‌ಪ್ಲಗ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಹೆಚ್ಚಿನವರು ಅದನ್ನು ಸುಮ್ಮನೆ ಕಿವಿ ಬಾಯಿಗೆ ಒತ್ತಿ 'ಕೆಲಸ ಮಾಡಂಗಿಲ್ಲ' ಅನ್ನುತ್ತಾರೆ. ಬೆರಳಲ್ಲಿ ಹೊಸೆದು ಬತ್ತಿಯಷ್ಟು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಟ್ಟು, ಅದು ಉಬ್ಬಿ ಕೂರುವವರೆಗೆ 30 ಸೆಕೆಂಡ್ ಒತ್ತಿ ಹಿಡಿಯಬೇಕು. ಕಸದ ಗಾಡಿಯ ಹಾಡು, ಪಕ್ಕದ ಮನೆಯ ಕುಕ್ಕರ್ ಸೀಟಿ, ತರಕಾರಿ ಮಾರುವವರ ಕೂಗು ಪೂರ್ತಿ ನಿಲ್ಲದಿದ್ದರೂ ಬೆಚ್ಚಿ ಏಳುವುದು ನಿಲ್ಲುತ್ತದೆ. ಅಲಾರಂ ಕೇಳಲಿಕ್ಕಿಲ್ಲ ಎಂಬ ಭಯವಿದ್ದರೆ ಫೋನನ್ನು ವೈಬ್ರೇಟ್‌ಗೆ ಹಾಕಿ ದಿಂಬಿನ ಪಕ್ಕ ಇಡಿ.

ಹುಬ್ಬಳ್ಳಿಯ ಬೇಸಿಗೆಗೆ ಇನ್ನೊಂದು ಲೆಕ್ಕ. ಏಪ್ರಿಲ್, ಮೇ ತಿಂಗಳಲ್ಲಿ ತಾರಸಿ ಕೆಳಗಿನ ಕೋಣೆ 2 ಗಂಟೆಯ ನಂತರ ಕಾಯುತ್ತದೆ, ಆಮೇಲೆ ಗಟ್ಟಿ ನಿದ್ದೆ ಆಗುವುದಿಲ್ಲ. ಆದ್ದರಿಂದ 9.15ರ ಒಳಗೆ ಹಾಸಿಗೆಯಲ್ಲಿರಬೇಕು. ಡ್ಯೂಟಿ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಮುಕ್ಕಾಲು ತಾಸು ಹರಟೆ, ಕೋಣೆಗೆ ಬಂದು ಬಟ್ಟೆ ಒಗೆಯುವುದು, ಮೊಬೈಲು, ಹೀಗೆ 11 ಆಗುತ್ತದೆ. ಕಳೆದುಹೋಗುವ ಎರಡು ತಾಸು ಅಲ್ಲಿಯದು. ಬಟ್ಟೆ ಸಂಜೆಗೆ ಇರಲಿ. ನೀರಿನದು ಮಾತ್ರ ನಿಜವಾದ ತಲೆನೋವು. ಅವಳಿ ನಗರದ ಬಹಳ ಓಣಿಗಳಲ್ಲಿ ಕೆಲವು ದಿನಕ್ಕೊಮ್ಮೆ ನಲ್ಲಿ ಬರುತ್ತದೆ, ಅದೂ ಹೊತ್ತಿಲ್ಲದ ಹೊತ್ತಿನಲ್ಲಿ. ನೈಟ್ ಇರುವ ವಾರ ನೀರು ತುಂಬುವ ಪಾಳಿ ನಿಮ್ಮದಲ್ಲ ಎಂದು ರೂಮಿನವರ ಜತೆ ಮೊದಲೇ ಮಾತಾಡಿ. ಬದಲಿಗೆ ಡೇ ಡ್ಯೂಟಿ ವಾರ ಎರಡೂ ಸಲ ನೀವೇ ತುಂಬಿ. ಕೊಟ್ಟು ಪಡೆಯುವ ಲೆಕ್ಕ ಇದ್ದರೆ ಮುನಿಸು ಬರುವುದಿಲ್ಲ. ಮುಂದಿನ ಸಲ ಕೋಣೆ ಬದಲಿಸುವಾಗ ಬಾಡಿಗೆಗಿಂತ ಮೊದಲು ಜತೆಗಾರರ ಪಾಳಿ ಕೇಳಿ. ನಿಮ್ಮಂತೆಯೇ ನೈಟ್ ಮಾಡುವ ಇನ್ನೊಬ್ಬ ನರ್ಸ್ ಅಥವಾ ಲ್ಯಾಬ್ ಟೆಕ್ನಿಷಿಯನ್ ಜತೆಗಿದ್ದರೆ ಅರ್ಧ ಸಮಸ್ಯೆ ಖರ್ಚಿಲ್ಲದೆ ಮುಗಿಯುತ್ತದೆ. ಪಿಜಿ ಆದರೆ ಗೇಟು ಮುಚ್ಚುವ ಸಮಯಕ್ಕಿಂತಲೂ, ಹಗಲು ಮಲಗಿದವರ ಬಾಗಿಲು ಬಡಿಯುತ್ತಾರೋ ಇಲ್ಲವೋ ಕೇಳಿಕೊಳ್ಳಿ.

ನಿದ್ದೆಯ ಹೊತ್ತನ್ನು ಎರಡಾಗಿ ಒಡೆಯುವುದು ಬಹಳ ಜನರಿಗೆ ಒಗ್ಗುತ್ತದೆ. ಬೆಳಿಗ್ಗೆ 9.15ರಿಂದ 2ರವರೆಗೆ ಗಟ್ಟಿ ನಿದ್ದೆ, ಎದ್ದು ಊಟ, ಸಂಜೆ 5ರಿಂದ 6.30 ಇನ್ನೊಂದು ಮಲಗು. ಒಟ್ಟು ಆರು ತಾಸಿನ ಮೇಲೆ. ಮೊದಲ ನೈಟಿನ ದಿನ ಬೆಳಿಗ್ಗೆ ಬೇಗ ಏಳುವ ಹಟ ಬೇಡ, ಮಧ್ಯಾಹ್ನ 3ರಿಂದ ಕನಿಷ್ಠ ಒಂದೂವರೆ ತಾಸು ಮಲಗಿ ಹೋಗಿ. ಕೊನೆಯ ನೈಟ್ ಮುಗಿದ ದಿನ ಉಲ್ಟಾ: 9ರಿಂದ 12.30, ಅಷ್ಟೇ. ಆಮೇಲೆ ಬಿಸಿಲಲ್ಲಿ ಓಡಾಡಿ ರಾತ್ರಿ 9.30ಕ್ಕೆ ಮಲಗಿದರೆ ಮರುದಿನಕ್ಕೆ ಹಗಲಿಗೆ ಮರಳುತ್ತೀರಿ. ಆ ದಿನ ಸಂಜೆಯವರೆಗೆ ಮಲಗಿದವರು ರಾತ್ರಿ 2ಕ್ಕೆ ಗೋಡೆ ನೋಡುತ್ತಾ ಕೂರುತ್ತಾರೆ, ಆಫ್ ಎರಡೂ ದಿನ ಹಾಳು.

ಹೊಟ್ಟೆ ಉರಿಯ ಬಗ್ಗೆ: ವಾರ್ಡಿನಲ್ಲಿ ಕೈಗೆ ಸಿಗುವ, ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ದಿನಾ ನುಂಗುವ ಚಟ ನರ್ಸುಗಳಲ್ಲಿ ಬಹಳ. ಮೊದಲು ಊಟದ ಹೊತ್ತು ಸರಿಮಾಡಿ. ಮುಖ್ಯ ಊಟ ಸಂಜೆ 7ಕ್ಕೆ, ಡ್ಯೂಟಿಗೆ ಹೋಗುವ ಮೊದಲು: ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಮೊಸರು. ರಾತ್ರಿ 12ರ ಸುಮಾರಿಗೆ ಸಣ್ಣ ಡಬ್ಬಿ: ಒಂದು ರೊಟ್ಟಿ, ಶೇಂಗಾ ಚಟ್ನಿ, ಇಲ್ಲವೇ ಒಂದು ಬಟ್ಟಲು ಮೊಸರನ್ನ. 1ರಿಂದ 5ರವರೆಗೆ ಜೀರ್ಣಾಂಗ ಅರೆನಿದ್ದೆಯಲ್ಲಿರುತ್ತದೆ. ಆಗ ಹಸಿವಾದರೆ ಒಂದು ಹಿಡಿ ಪುಟಾಣಿ, ಬಾಳೆಹಣ್ಣು, ಮಜ್ಜಿಗೆ ಸಾಕು. ಸಂಜೆ ಕಟ್ಟಿಸಿಕೊಂಡು ಬಂದ ಗಿರಮಿಟ್ಟು, ಮಿರ್ಚಿಯನ್ನು 3 ಗಂಟೆಗೆ ಬಿಚ್ಚಿ ಎಲ್ಲರೂ ಸುತ್ತ ಕೂರುವುದು ನೈಟಿನ ಸುಖಗಳಲ್ಲಿ ಒಂದು, ಒಪ್ಪುತ್ತೇವೆ. ಅದನ್ನು 10 ಗಂಟೆಗೇ ತಿಂದುಬಿಡಿ. ಎಣ್ಣೆ, ಹಸಿ ಉಳ್ಳಾಗಡ್ಡಿ, ಮೆಣಸಿನಕಾಯಿ ಮೂರೂ ಸೇರಿ ಬೆಳಿಗ್ಗೆ ಮಲಗಿದ ಕೂಡಲೇ ಎದೆಗೆ ಏರುತ್ತವೆ. ಬೆಳಿಗ್ಗೆ ಎರಡು ಇಡ್ಲಿ ಸಾಕು. ಬರಿಹೊಟ್ಟೆಯಲ್ಲಿ ಮಲಗಿದರೆ 11ಕ್ಕೆ ಹಸಿವು ಎಬ್ಬಿಸುತ್ತದೆ, ಪೂರಿ ತಿಂದು ಮಲಗಿದರೆ ಉರಿ ಎಬ್ಬಿಸುತ್ತದೆ.

ಚಹಾದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ತಾಸು ಬೇಕು. 4.30ಕ್ಕೆ ಸ್ಯಾಂಪಲ್ ತೆಗೆಯುವ ಮುಂಚೆ ಕುಡಿದ ಕಪ್ಪಿನ ಅರ್ಧ 9.30ಕ್ಕೂ ರಕ್ತದಲ್ಲೇ ಇರುತ್ತದೆ. ಕೊನೆಯ ಕಪ್ಪು 2 ಗಂಟೆಗೆ ಮುಗಿಯಲಿ. ಐದು ಕಪ್ಪು, ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ ರಾತ್ರಿಗೆ 50 ಗ್ರಾಂ ಸಕ್ಕರೆ. ತೂಕ ಏರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಈಗ ಸಿರಿಂಜಿನ ವಿಷಯ. ಇದನ್ನು ನೀವು ಪತ್ರದಲ್ಲಿ ಅರ್ಧ ಸಾಲಿನಲ್ಲಿ ದಾಟಿಸಿದ್ದೀರಿ. ನಮ್ಮಲ್ಲಿ ಇನ್ಸುಲಿನ್ ವಯಲು (ಔಷಧದ ಸಣ್ಣ ಬಾಟಲಿ) ಮಿಲಿಲೀಟರಿಗೆ 40 ಯೂನಿಟ್ಟಿನದೂ ಇದೆ, 100 ಯೂನಿಟ್ಟಿನದೂ ಇದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ವಯಲಿನಿಂದ ಕೆಂಪು ಸಿರಿಂಜಿನಲ್ಲಿ 10 ಎಂದು ಎಳೆದರೆ ರೋಗಿಗೆ ಹೋಗುವುದು 25 ಯೂನಿಟ್. ಮುದುಕರೊಬ್ಬರು ಬೆಳಗಾಗುವುದರೊಳಗೆ ಪ್ರಜ್ಞೆ ತಪ್ಪಲು ಅಷ್ಟು ಸಾಕು. ಬೆಳಕು ಮಂಕಾದಾಗ ಕೆಂಪು, ಕಿತ್ತಳೆ ಒಂದೇ ಥರ ಕಾಣುತ್ತವೆ. ಆದ್ದರಿಂದ ಎರಡು ಬಗೆಯ ಸಿರಿಂಜು ಒಂದೇ ಟ್ರೇಯಲ್ಲಿ ಇರಕೂಡದು, ಮತ್ತು ಎಳೆಯುವಾಗ ವಯಲಿನ ಮೇಲಿನ ಸಂಖ್ಯೆ, ಸಿರಿಂಜಿನ ಮೇಲಿನ ಸಂಖ್ಯೆ ಎರಡನ್ನೂ ಬಾಯಿಬಿಟ್ಟು ಓದಬೇಕು. ಓದುವುದನ್ನು ಕೇಳುವವರು ಇಲ್ಲದಿದ್ದರೂ ಓದಿ. ಕಣ್ಣು ದಾಟಿಸಿದ್ದನ್ನು ಕಿವಿ ಹಿಡಿಯುತ್ತದೆ. ನೈಟಿನವರ ಇನ್ನೊಂದು ಸಾಮಾನ್ಯ ತಪ್ಪು, ಹ್ಯಾಂಡೋವರ್‌ಗೆ ಮುಂಚೆ ಕೆಲಸ ಮುಗಿಸುವ ಅವಸರದಲ್ಲಿ 6 ಗಂಟೆಗೇ ಇನ್ಸುಲಿನ್ ಕೊಟ್ಟುಬಿಡುವುದು. ರೆಗ್ಯುಲರ್ ಇನ್ಸುಲಿನ್ ಊಟಕ್ಕೆ ಅರ್ಧ ತಾಸು ಮುಂಚಿನದು, ರ‍್ಯಾಪಿಡ್ ಆದರೆ ಊಟದ ಎದುರಿಗೇ. ನಾಷ್ಟಾ 8.15ಕ್ಕೆ ಬರುವ ವಾರ್ಡಿನಲ್ಲಿ ಆ ಡೋಸು ಬೆಳಗಿನ ಪಾಳಿಯದು. ನೀವು ಅದನ್ನು ಬಿಟ್ಟುಹೋದರೆ ಯಾರೂ ಮೈಗಳ್ಳಿ ಅನ್ನಬಾರದು, ಹಾಗೆ ಅನ್ನುವವರಿದ್ದರೆ ಇನ್‌ಚಾರ್ಜ್ ಸಿಸ್ಟರಿಂದ ಬರೆಸಿಕೊಳ್ಳಿ.

ಲೆಕ್ಕ ಬೇಕಾಗುವ ಕೆಲಸಗಳನ್ನು 1 ಗಂಟೆಯೊಳಗೆ ಮುಗಿಸಿಡಿ. 500 ಮಿಲಿಲೀಟರಿನ ಡ್ರಿಪ್ ಬಾಟಲಿ 8 ತಾಸಿಗೆ ಎಂದರೆ, ಮಿಲಿಲೀಟರಿಗೆ 20 ಹನಿ ಬೀಳುವ ಸೆಟ್ಟಿನಲ್ಲಿ ನಿಮಿಷಕ್ಕೆ 21 ಹನಿ. ಇಂಥದ್ದನ್ನೆಲ್ಲ ಬಾಟಲಿಯ ಪಟ್ಟಿಯ ಮೇಲೆ ಆಗಲೇ ಬರೆದಿಟ್ಟರೆ 4 ಗಂಟೆಗೆ ಮಿದುಳಿನ ಮೇಲೆ ಭಾರ ಬೀಳುವುದಿಲ್ಲ. ಬೆಳಗಿನ ಸ್ಯಾಂಪಲ್ ಟ್ಯೂಬುಗಳಿಗೆ ಮಾತ್ರ ಮೊದಲೇ ಹೆಸರು ಅಂಟಿಸಿ ಸಾಲಾಗಿ ಇಡಬೇಡಿ. ರೋಗಿಯ ಪಕ್ಕದಲ್ಲಿ ಹೆಸರು ಕೇಳಿಯೇ ಅಂಟಿಸಿ. ಸೂಜಿ ಚುಚ್ಚಿಕೊಳ್ಳುವುದೂ ಈ ಹೊತ್ತಿನಲ್ಲೇ, ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಿ. ಹಾಗಾದರೆ ಹಿಂಡಬೇಡಿ, ಸ್ಪಿರಿಟ್ ಸುರಿಯಬೇಡಿ. ಹರಿಯುವ ನೀರು, ಸೋಪು. ಡ್ಯೂಟಿ ಡಾಕ್ಟರಿಗೆ ಆ ಕ್ಷಣವೇ ಹೇಳಿ. ಎಚ್‌ಐವಿ ತಡೆಯ ಮಾತ್ರೆ ಬೇಕೆಂದಾದರೆ 2 ತಾಸಿನೊಳಗೆ ಶುರುವಾಗುವುದು ಒಳ್ಳೆಯದು, 72 ತಾಸು ದಾಟಿದರೆ ಪ್ರಯೋಜನವಿಲ್ಲ, ಕೋರ್ಸು 28 ದಿನ. ಬೆಳಗಾಗಲಿ, ಮೇಡಂ ಬರಲಿ ಎಂದು ಕಾಯುವ ವಿಷಯವಲ್ಲ ಇದು.

ಇಬ್ಬರಿದ್ದ ರಾತ್ರಿ 2ರಿಂದ 3ರ ನಡುವೆ ಪಾಳಿಯ ಮೇಲೆ 20 ನಿಮಿಷ ಕಣ್ಣು ಮುಚ್ಚುವುದು ಒಳ್ಳೆಯ ಪದ್ಧತಿ. 40 ನಿಮಿಷ ಮಲಗಿದರೆ ಆಳದ ನಿದ್ದೆಯಿಂದ ಎದ್ದು ಅಮಲು ಹತ್ತಿದಂತಾಗುತ್ತದೆ. ಎದ್ದ ಮೇಲೆ ಮುಖ ತೊಳೆದು ಕಾಲು ತಾಸು ಕಳೆಯುವವರೆಗೆ ಇಂಜೆಕ್ಷನ್ ಮುಟ್ಟಬೇಡಿ. ಇದನ್ನು ಕದ್ದು ಮಾಡುವ ಬದಲು ಇನ್‌ಚಾರ್ಜ್‌ಗೆ ಹೇಳಿ ಮಾಡಿ. ಒಬ್ಬರೇ ಇದ್ದರೆ ಪ್ರಶ್ನೆಯೇ ಇಲ್ಲ, ಎದ್ದು ಓಡಾಡಿ.

ಏಳು ನೈಟ್ ಒಂದೇ ಸಮ ಎನ್ನುವುದು ನಮಗೆ ಸರಿಕಾಣುವುದಿಲ್ಲ. ನಾಲ್ಕನೆಯ ರಾತ್ರಿಯ ಹೊತ್ತಿಗೆ ನಿದ್ದೆಯ ಸಾಲ ಏರಿರುತ್ತದೆ. ನಾಲ್ಕು ನೈಟ್, ಎರಡು ದಿನ ಬಿಡುವು, ಮತ್ತೆ ಮೂರು ಎಂದು ಒಡೆದರೆ ಒಟ್ಟು ಎಣಿಕೆ ಬದಲಾಗುವುದಿಲ್ಲ. ಆದ್ದರಿಂದ ಇನ್‌ಚಾರ್ಜ್‌ಗೆ ಹೆಚ್ಚು ಜನ ಬೇಕಾಗುವುದಿಲ್ಲ. ಪಾಳಿ ತಿರುಗುವಾಗ ಬೆಳಿಗ್ಗೆ, ಆಮೇಲೆ ಮಧ್ಯಾಹ್ನ, ಆಮೇಲೆ ನೈಟ್ ಎಂಬ ಕ್ರಮ ದೇಹಕ್ಕೆ ಹಗುರ. ಬಾಯಲ್ಲಿ ಕೇಳಿದರೆ 'ಎಲ್ಲಾರೂ ಮಾಡಾಕತ್ತಾರ, ನಿಂದೇನು' ಎಂಬ ಉತ್ತರ ಬರುತ್ತದೆ. ಇಡೀ ತಿಂಗಳ ಡ್ಯೂಟಿ ಪಟ್ಟಿಯನ್ನು ಹೊಸ ರೀತಿಯಲ್ಲಿ ನೀವೇ ಬರೆದು, ಜತೆಯವರ ಸಹಿ ಹಾಕಿಸಿ, ಒಂದು ತಿಂಗಳು ನೋಡೋಣ ಎಂದು ಕೊಡಿ. ಸಿದ್ಧ ಪಟ್ಟಿಯನ್ನು ತಿರಸ್ಕರಿಸುವುದು ಬೇಡಿಕೆಯನ್ನು ತಿರಸ್ಕರಿಸಿದಷ್ಟು ಸುಲಭವಲ್ಲ.

ನಿದ್ದೆ ಮಾತ್ರೆ: ಬೇಡ. ಆಲ್‌ಪ್ರಜೊಲಾಮ್‌ನಂಥವು ಹಗಲು ನಿದ್ದೆ ತಂದರೂ ಅದರ ಮಂಪರು ರಾತ್ರಿಯ ಪಾಳಿಗೆ ಉಳಿಯುತ್ತದೆ, ಕೆಲವು ವಾರದಲ್ಲಿ ಅದಿಲ್ಲದೆ ನಿದ್ದೆಯೇ ಬರದಂತಾಗುತ್ತದೆ. ವಾರ್ಡಿನ ಸ್ಟಾಕಿನಿಂದ ಎತ್ತಿಕೊಂಡರೆ ಕೆಲಸ ಹೋಗುವುದಷ್ಟೇ ಅಲ್ಲ, ನೋಂದಣಿಗೂ ಕುತ್ತು. ಅಲರ್ಜಿಯ ಮಾತ್ರೆಗಳಾದ ಅವಿಲ್, ಸೆಟ್ರಿಜಿನ್ ನುಂಗಿ ಮಲಗುವುದೂ ಅದೇ ದಾರಿಯ ಸಣ್ಣ ಹೆಜ್ಜೆ. ನೈಟ್ ಇಲ್ಲದ ವಾರದಲ್ಲೂ ಐದು ತಾಸಿಗಿಂತ ಕಡಿಮೆ ನಿದ್ದೆ, ಮೂರು ತಿಂಗಳು ಮುಟ್ಟು ನಿಂತಿರುವುದು, ನಿಂತಲ್ಲೇ ತೂಕಡಿಕೆ, ಎರಡು ವಾರ ಬಿಡದ ಬೇಸರ, ಇವುಗಳಲ್ಲಿ ಯಾವುದಾದರೂ ಇದ್ದರೆ ವೈದ್ಯರನ್ನು ಕಾಣಿ. ಹಿಮೋಗ್ಲೋಬಿನ್, ಥೈರಾಯ್ಡ್ ಒಮ್ಮೆ ನೋಡಿಸಿ. ಮನಸ್ಸಿನದಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರವೇ ಇದೆ. ಜೀವ ಬೇಡವೆನ್ನಿಸಿದರೆ ಹೊತ್ತು ನೋಡದೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ.

ನೈಟ್ ಮಾಡಿದರೆ ಕ್ಯಾನ್ಸರ್ ಬರುತ್ತದೆ ಎಂಬ ವಾಟ್ಸಾಪ್ ಸುದ್ದಿ ನಿಮ್ಮ ಮನೆಗೂ ಮುಟ್ಟಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯನ್ನು 'ಬಹುಶಃ ಕಾರಣವಾಗಬಹುದು' ಎಂಬ ಗುಂಪಿಗೆ ಸೇರಿಸಿದ್ದು ನಿಜ. 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಕುಡಿಯುವುದೂ ಅದೇ ಗುಂಪಿನಲ್ಲಿದೆ. ವರ್ಷಗಟ್ಟಲೆ, ದಶಕಗಟ್ಟಲೆ ನೈಟ್ ಮಾಡುವವರ ವಿಷಯ ಅದು. 23ಕ್ಕೆ ಕೆಲಸ ಬಿಡಲು ಅದು ಕಾರಣವಲ್ಲ. 35ರವರೆಗೂ ಹೀಗೇ ಮುಂದುವರಿಯದಿರಲು ಕಾರಣ.

ದುಡ್ಡಿಗೆ ಬರೋಣ. ಸಂಬಳ 18,000ದಲ್ಲಿ ಮೂಲ ವೇತನ 12,000 ಎಂದುಕೊಂಡರೆ ಭವಿಷ್ಯ ನಿಧಿಗೆ ಶೇ 12, ಅಂದರೆ 1,440, ಇಎಸ್‌ಐಗೆ ಶೇ 0.75, ಅಂದರೆ 135. ಕೈಗೆ 16,425. ಮನೆಗೆ 7,000, ಬಾಡಿಗೆ 3,000, ಊಟಕ್ಕೆ 4,000 ಹೋದರೆ ಉಳಿಯುವುದು 2,425. ಫೋನು, ಬಸ್ಸು, ಸೋಪು ಎಲ್ಲ ಅದರಲ್ಲೇ. ಇಷ್ಟು ಬಿಗಿಯಾಗಿದ್ದರೆ ಪರದೆ ಹೊಲಿಸಲೂ ಅಪ್ಪನನ್ನು ಕೇಳಬೇಕಾಗುತ್ತದೆ. ಕಾರ್ಡು ವಾಪಸ್ ಕೊಡಿ ಎಂದು ನೇರ ಕೇಳಿದರೆ ಅದು ಅಪನಂಬಿಕೆಯ ಮಾತಾಗಿ ಕೇಳಿಸುತ್ತದೆ. ಬದಲಿಗೆ ಬ್ಯಾಂಕಿಗೆ ಹೋಗಿ ಪ್ರತಿ ತಿಂಗಳು 5ನೇ ತಾರೀಖು ಅಪ್ಪನ ಖಾತೆಗೆ 5,500 ತಾನಾಗಿ ಹೋಗುವಂತೆ ಬರೆದುಕೊಡಿ. ಎರಡು ತಿಂಗಳು ತಪ್ಪದೆ ಬಂದ ಮೇಲೆ, 'ಅಪ್ಪಾ, ನೀವು ಶಿಗ್ಗಾಂವಿಗೆ ಎಟಿಎಂಗೆ ಹೋಗೋದು ತಪ್ಪಿತು, ಕಾರ್ಡು ನನ್ ಕಡೆ ಇರ್ಲಿ, ಇಲ್ಲಿ ಖರ್ಚಿಗೆ ಬೇಕಾಗ್ತೈತಿ' ಅನ್ನಿ. ಏರುಪೇರಾಗುವ 7,000ಕ್ಕಿಂತ ತಾರೀಖಿಗೆ ಸರಿಯಾಗಿ ಬರುವ 5,500 ಮನೆಗೂ ಅನುಕೂಲ, ಸೊಸೈಟಿ ಕಂತು ಕಟ್ಟುವವರಿಗೆ ಇದರ ಬೆಲೆ ಗೊತ್ತು. ಕಾರ್ಡು ಬಂದ ದಿನ ಪಿನ್ ಬದಲಿಸಿ. ಎಸ್ಸೆಮ್ಮೆಸ್ ಬರುವ ನಂಬರು ನಿಮ್ಮದೇ ಇದೆಯೋ ನೋಡಿ.

ಉಳಿದ 1,500ರಲ್ಲಿ ಮೊದಲ ತಿಂಗಳಿನದು ಪರದೆ, ಇಯರ್‌ಪ್ಲಗ್, ಒಳ್ಳೆಯ ದಿಂಬು. ಆಮೇಲೆ 1,000 ಅಂಚೆ ಕಚೇರಿಯ ಆರ್‌ಡಿಗೆ. ಅದು ಐದು ವರ್ಷದ್ದು, ಕೈಗೆ ಸಿಗದ ದುಡ್ಡು, ಅದೇ ಅದರ ಗುಣ. ಮೂರು ತಿಂಗಳ ಖರ್ಚಿನಷ್ಟು, ನಿಮ್ಮ ಲೆಕ್ಕಕ್ಕೆ ಸುಮಾರು 24,000, ಉಳಿತಾಯ ಖಾತೆಯಲ್ಲಿ ಸೇರುವವರೆಗೆ ಬೇರೆ ಯಾವ ಕಂತೂ ಬೇಡ, ಮೊಬೈಲಿನದೂ ಬೇಡ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಖಾತೆಯಿಂದಲೇ ಕಡಿತವಾಗುತ್ತದೆ, ಅಪಘಾತಕ್ಕೆ 2 ಲಕ್ಷ. ರಾತ್ರಿ ಓಡಾಡುವವರು ಇಟ್ಟುಕೊಳ್ಳಬೇಕು. ಇಎಸ್‌ಐ ಕಡಿತವಾಗುತ್ತಿದ್ದರೆ ಅದರ ಸಂಖ್ಯೆ, ಭವಿಷ್ಯ ನಿಧಿಯ ಯುಎಎನ್ ಎಂಬ ಖಾಯಂ ಸಂಖ್ಯೆ ಎರಡನ್ನೂ ಕೇಳಿ ಪಡೆಯಿರಿ. ಸಂಬಳದ ಚೀಟಿಯಲ್ಲಿ ಕಡಿತ ತೋರಿಸಿ ಖಾತೆಗೆ ಕಟ್ಟದಿರುವ ಕಡೆಗಳೂ ಇವೆ. ಮೂಲ ಅಂಕಪಟ್ಟಿ, ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರ ಆಸ್ಪತ್ರೆಯವರ ಕಪಾಟಿನಲ್ಲಿದ್ದರೆ ತೋರಿಸಿ ವಾಪಸ್ ತನ್ನಿ, ನಕಲು ಅವರಿಗಿರಲಿ. ಮೂಲ ಪತ್ರ ಬೇರೆಯವರ ಬೀಗದಲ್ಲಿದ್ದರೆ ಕೆಲಸ ಬದಲಿಸುವ ಮಾತೇ ಏಳುವುದಿಲ್ಲ.

ರಾತ್ರಿ ಸುರಕ್ಷತೆಯ ವಿಷಯ ಮನೆಯವರು ಕೇಳಿಯೇ ಕೇಳುತ್ತಾರೆ, ಕೇಳುವುದು ಸರಿಯೇ. 10 ಜನ ಅಥವಾ ಹೆಚ್ಚು ಸಿಬ್ಬಂದಿ ಇರುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು, ಇದು 2013ರ ಕಾನೂನು. ಅದರ ಸದಸ್ಯರ ಹೆಸರು ಎಲ್ಲಿ ಅಂಟಿಸಿದ್ದಾರೆ ನೋಡಿ. ದೂರಿಗೆ ಘಟನೆಯಿಂದ ಮೂರು ತಿಂಗಳ ಅವಧಿ. ರೋಗಿಯ ಕಡೆಯವರು ಕೈ ಎತ್ತಿದರೆ, ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯುವ 2009ರ ರಾಜ್ಯ ಕಾನೂನು ನರ್ಸುಗಳಿಗೂ ಅನ್ವಯಿಸುತ್ತದೆ. ಆ ಕ್ಷಣಕ್ಕೆ ಮಾತ್ರ ಬಾಗಿಲ ಕಡೆ ಬೆನ್ನು ಇರುವಂತೆ ನಿಲ್ಲಿ, ಸೆಕ್ಯುರಿಟಿಯನ್ನು ಕರೆಯಿರಿ, 112.

ಈಗ ಅಪ್ಪನ ಬಸ್ಸಿನ ಮಾತು. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್ ನಂತರ, ಹಾವೇರಿ, ಗದಗ ಕಡೆಯ ಬಹಳ ಮನೆಗಳಲ್ಲಿ ಈ ವಾದ ಶುರುವಾಗಿದೆ. ಬಾಡಿಗೆ ಕೊಟ್ಟು ಯಾಕೆ ಇರಬೇಕು, ಓಡಾಡಲಿ ಎಂದು. ಅದು ಬರೀ ಹಟವಲ್ಲ, 3,000 ಉಳಿಯುವ ಲೆಕ್ಕ. ಆದ್ದರಿಂದ ಲೆಕ್ಕದಲ್ಲೇ ಉತ್ತರ ಕೊಡಿ. ಹಳ್ಳಿಯಿಂದ ಶಿಗ್ಗಾಂವಿ, ಅಲ್ಲಿಂದ ಹುಬ್ಬಳ್ಳಿ, ನಿಲ್ದಾಣದಿಂದ ಆಸ್ಪತ್ರೆ, ಕಾಯುವುದೂ ಸೇರಿ ಒಂದು ಬದಿಗೆ 2 ತಾಸು ಹಿಡಿಯಿರಿ. ಹೋಗಿ ಬರಲು 4, ಡ್ಯೂಟಿ 12, ಹ್ಯಾಂಡೋವರ್ ಅರ್ಧ. ಹದಿನಾರೂವರೆ ಆಯಿತು. ಉಳಿದ ಏಳೂವರೆಯಲ್ಲಿ ಸ್ನಾನ, ಊಟ ಒಂದೂವರೆ. ಮನೆಯಲ್ಲಿ ಪಿನ್ ಬಿದ್ದ ಸದ್ದೂ ಆಗದಿದ್ದರೆ 6 ತಾಸು ನಿದ್ದೆ. ದನ, ಟಿವಿ, ಬಂದು ಹೋಗುವವರು ಇರುವ ಮನೆಯಲ್ಲಿ ಅದು 4 ಆಗುತ್ತದೆ, ಆ 4 ತಾಸಿನ ಮೇಲೆ ರೋಗಿಗೆ ಇನ್ಸುಲಿನ್ ಎಳೆಯಬೇಕು. ಈ ಕೂಡಿಸುವ ಲೆಕ್ಕವನ್ನು ಅಪ್ಪನ ಎದುರು ಹಾಳೆಯ ಮೇಲೆ ಬರೆದು ತೋರಿಸಿ, ಫೋನಿನಲ್ಲಿ ಹೇಳಬೇಡಿ. ಬೆಳೆ ಲೆಕ್ಕ ಮಾಡುವವರಿಗೆ ತಾಸಿನ ಲೆಕ್ಕ ಅರ್ಥವಾಗುತ್ತದೆ.

ಅವ್ವನ ಹೆದರಿಕೆ ಬೇರೆ. ಮಗಳು ರಾತ್ರಿ ಎಲ್ಲಿದ್ದಾಳೆ ಎಂಬುದು ಕಣ್ಣಿಗೆ ಕಾಣದ್ದರಿಂದ ಅದು ಬೆಳೆದಿರುತ್ತದೆ. ನೈಟ್ ಇರುವ ಒಂದು ವಾರ ಅವರನ್ನು ಕೋಣೆಗೆ ಕರೆಸಿ ಎರಡು ದಿನ ಇರಿಸಿಕೊಳ್ಳಿ. ನೀವು ಬಂದು ಮಲಗುವುದನ್ನು ಒಮ್ಮೆ ಕಂಡರೆ ಆಮೇಲೆ 11 ಗಂಟೆಗೆ ಫೋನ್ ಮಾಡುವವರನ್ನು ಅವರೇ ಗದರಿಸುತ್ತಾರೆ. ತಿಂಗಳ ಡ್ಯೂಟಿ ಪಟ್ಟಿಯ ಫೋಟೊ ಮನೆಯ ವಾಟ್ಸಾಪಿಗೆ ಹಾಕಿ, ಮಲಗುವ ಹೊತ್ತಿಗೆ ಗೆರೆ ಎಳೆದು. ಮಾತಿಗೆ ಸಂಜೆ 6.45 ಎಂದು ಗೊತ್ತು ಮಾಡಿ, ಮತ್ತು ಆ ಹೊತ್ತಿಗೆ ನೀವೇ ಮಾಡಿ, ತಪ್ಪಿಸಬೇಡಿ. ವಾರ್ಡಿನ ಲ್ಯಾಂಡ್‌ಲೈನ್, ಮನೆ ಮಾಲೀಕರ ನಂಬರು ಕೊಟ್ಟಿಡಿ. ಊರಿಗೆ ಕೊನೆಯ ನೈಟಿನ ಬೆಳಿಗ್ಗೆಯೇ ಓಡಬೇಡಿ, 12.30ಕ್ಕೆ ಎದ್ದು ಊಟ ಮಾಡಿ 2ರ ಬಸ್ಸು ಹಿಡಿಯಿರಿ. ಎಲ್ಲಿದ್ದೇನೆ, ಯಾವಾಗ ಬರುತ್ತೇನೆ ಎಂಬುದನ್ನು ಕೇಳುವ ಮೊದಲೇ ಧಾರಾಳವಾಗಿ ತಿಳಿಸಿ. ಕೆಲಸದಲ್ಲಿ ಇರಬೇಕೋ ಬೇಡವೋ ಎಂಬುದನ್ನು ಮಾತ್ರ ಪ್ರತಿ ತಿಂಗಳು ಚರ್ಚೆಗೆ ಇಡಬೇಡಿ. ಮದುವೆ ಮಾತು ಬಂದಾಗ 'ನೈಟ್ ಮಾಡೋ ಹುಡುಗಿ' ಎಂದು ಮೂಗು ಮುರಿಯುವ ಮನೆ ಇದ್ದರೆ ಅದು ಮೊದಲೇ ಗೊತ್ತಾದದ್ದು ಒಳ್ಳೆಯದಾಯಿತು ಎಂಬುದು ನಮ್ಮ ಅಭಿಪ್ರಾಯ, ಮನೆಯವರ ಎದುರು ಹೀಗೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಮಾಡಿ ಮೂರು ತಿಂಗಳಾದರೂ ನಿದ್ದೆ ಐದು ತಾಸು ದಾಟದಿದ್ದರೆ ನಿಮ್ಮ ದೇಹಕ್ಕೆ ನೈಟ್ ಒಗ್ಗುವುದಿಲ್ಲ ಎಂದರ್ಥ. ಕೆಲವರಿಗೆ ಒಗ್ಗುವುದಿಲ್ಲ, ಅದರಲ್ಲಿ ಸೋಲೇನಿಲ್ಲ. ಆಗಲೂ ಕೆಲಸ ಬಿಟ್ಟು ಊರಿಗೆ ಹೋಗುವುದೊಂದೇ ದಾರಿಯಲ್ಲ. ಡಯಾಲಿಸಿಸ್ ಘಟಕ, ಒಪಿಡಿ, ಎಂಡೋಸ್ಕೋಪಿ ಕೋಣೆಗಳಲ್ಲಿ ಹೆಚ್ಚಾಗಿ ಹಗಲು ಪಾಳಿ. ಬಿ.ಎಸ್ಸಿ ನರ್ಸಿಂಗ್ ಆದವರಿಗೆ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಯೂ ಇದೆ, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ, ಹಗಲು ಕೆಲಸ. ಯಾವುದಕ್ಕೆ ಹೋಗುವುದಿದ್ದರೂ ಈಗಿನ ಕಡೆ ನೇಮಕಾತಿ ಪತ್ರದಲ್ಲಿ ಹೇಳಿದಷ್ಟು ದಿನ ಮೊದಲು ನೋಟಿಸು ಬರಹದಲ್ಲಿ ಕೊಟ್ಟು, ಒಂದು ಪ್ರತಿಗೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ಅನುಭವ ಪತ್ರದಲ್ಲಿ ಸೇರಿದ ತಾರೀಖು, ಬಿಟ್ಟ ತಾರೀಖು, ವಾರ್ಡಿನ ಹೆಸರು ಮೂರೂ ಇರಬೇಕು. ಬರೀ 'ನಮ್ಮಲ್ಲಿ ಕೆಲಸ ಮಾಡಿದ್ದಾರೆ' ಎಂದು ಬರೆದುಕೊಟ್ಟರೆ ಅಲ್ಲೇ ನಿಂತು ತಿದ್ದಿಸಿಕೊಂಡು ಬನ್ನಿ.